ವಿದಿಶೆಯಲ್ಲಿ ಒಂದು ತಿಂಗಳು : ಮಹೇಂದ್ರ ಸ್ಥವಿರನೂ ಅವನ ತಾಯಿಯೂ

ಅಶೋಕ ಚಕ್ರವರ್ತಿಯ ಪಾಠವನ್ನು ನಾನು ತರಗತಿಯಲ್ಲಿ ಅನೇಕ ವರ್ಷಗಳ ಕಾಲ ಹೇಳಿದ್ದೇನೆ. ಕಳಿಂಗ ಯುದ್ಧ, ಪಶ್ಚಾತ್ತಾಪ, ಶಿಲಾಶಾಸನಗಳು, ಕೊನೆಯಲ್ಲಿ ಧರ್ಮಪ್ರಸಾರಕ್ಕಾಗಿ ಸಿಂಹಳಕ್ಕೆ ತೆರಳಿದ ಮಗ ಮಹೇಂದ್ರ, ಮಗಳು ಸಂಘಮಿತ್ರೆ. ಇಷ್ಟಾದರೆ ಪಾಠ ಮುಗಿಯುತ್ತಿತ್ತು. ಆ ಮಕ್ಕಳ ತಾಯಿ ಯಾರು, ಅವಳು ಎಲ್ಲಿದ್ದಳು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿವೃತ್ತನಾದ ಮೇಲೆ ಪಾಳಿಯ 'ಮಹಾವಂಸ'ವನ್ನು ಅನುವಾದದ ಮೂಲಕ ಓದುವಾಗ, ಅದರ ಹದಿಮೂರನೆಯ ಪರಿಚ್ಛೇದದಲ್ಲಿ ಆ ತಾಯಿ ಎದುರಾದಳು. ಅವಳ ಹೆಸರು ದೇವಿ.

ದೇವಿಯು ವಿದಿಶೆಯ ಶ್ರೇಷ್ಠಿಯೊಬ್ಬನ ಮಗಳು. ಅಶೋಕನು ಇನ್ನೂ ರಾಜಕುಮಾರನಾಗಿ ಅವಂತಿಯ ಅಧಿಕಾರ ವಹಿಸಿದ್ದ ಕಾಲದಲ್ಲಿ ಅವಳ ಕೈಹಿಡಿದನು. ಉಜ್ಜಯಿನಿಯಲ್ಲಿ ಮಹೇಂದ್ರನು ಹುಟ್ಟಿದನು. ಎರಡು ವರ್ಷಗಳ ತರುವಾಯ ಸಂಘಮಿತ್ರೆ ಹುಟ್ಟಿದಳು. ಅಶೋಕನು ಪಾಟಲಿಪುತ್ರದ ಸಿಂಹಾಸನವನ್ನೇರಿದ ಬಳಿಕ ಮಕ್ಕಳು ತಂದೆಯ ರಾಜಧಾನಿಯಲ್ಲಿ ಬೆಳೆದರು; ದೇವಿ ಮಾತ್ರ ವಿದಿಶೆಯಲ್ಲಿಯೇ ಉಳಿದಳು. ಇಪ್ಪತ್ತನೆಯ ವಯಸ್ಸಿನಲ್ಲಿ ಮಗನೂ, ಹದಿನೆಂಟರಲ್ಲಿ ಮಗಳೂ ಸಂಘವನ್ನು ಸೇರಿದರು. ಸಂಘಮಿತ್ರೆಯ ಪತಿ ಅಗ್ಗಿಬ್ರಹ್ಮನೂ ಭಿಕ್ಷುವಾದನು. ಅವರ ಮಗ ಸುಮನನು ಶ್ರಾಮಣೇರನಾದನು.

ಮಹೇಂದ್ರನಿಗೆ ಭಿಕ್ಷುಜೀವನದ ಹನ್ನೆರಡು ವರ್ಷಗಳು ತುಂಬಿದಾಗ ಸಿಂಹಳಕ್ಕೆ ಹೋಗಬೇಕೆಂಬ ಆಜ್ಞೆ ಬಂದಿತು. ಅಲ್ಲಿಯ ಅರಸ ಮುಟಸಿವನು ಮುದುಕನಾಗಿದ್ದನು; ಅವನ ಮಗ ಪಟ್ಟಕ್ಕೆ ಬರುವತನಕ ಕಾಯುವುದು ಲೇಸೆಂದು ಮಹೇಂದ್ರನು ಬಗೆದನು. ಆ ಬಿಡುವಿನಲ್ಲಿ ಅವನು ಮಾಡಿದ್ದೇನು? ಬಂಧುಗಳನ್ನು ಕಾಣಲು ಹೊರಟನು! ನಾಲ್ವರು ಸ್ಥವಿರರನ್ನೂ ತಂಗಿಯ ಮಗ ಸುಮನನನ್ನೂ ಕೂಡಿಕೊಂಡು ದಕ್ಷಿಣಗಿರಿಯ ಪ್ರದೇಶದಲ್ಲಿ ಸಂಚರಿಸುತ್ತ ಆರು ತಿಂಗಳು ಕಳೆದನು; ಕಡೆಗೆ ತಾಯಿಯ ಊರನ್ನು ಸೇರಿದನು. ಮಗನನ್ನು ಕಂಡ ದೇವಿಯು ತಾನೇ ಸಿದ್ಧಪಡಿಸಿದ ಅಡಿಗೆಯನ್ನು ಅವನಿಗೂ ಅವನ ಸಂಗಡಿಗರಿಗೂ ಬಡಿಸಿದಳು. ಬಳಿಕ ವೇದಿಸಗಿರಿಯ ವಿಹಾರಕ್ಕೆ ಅವರನ್ನು ಕರೆದೊಯ್ದಳು. ಮಹೇಂದ್ರನು ಅಲ್ಲಿ ಒಂದು ತಿಂಗಳು ನಿಂತನು.

ಆ ಒಂದು ತಿಂಗಳಲ್ಲಿ ತಾಯಿಮಗ ಏನು ಮಾತನಾಡಿದರೆಂಬುದನ್ನು ಗ್ರಂಥಕಾರನು ಬರೆದಿಲ್ಲ. ಧರ್ಮೋಪದೇಶ ನಡೆಯಿತೆಂದಷ್ಟೇ ಹೇಳುತ್ತಾನೆ. ಆದರೆ ಅವರಿಬ್ಬರ ನಡುವೆ ಕುಟುಂಬವಾರ್ತೆ ನಡೆಯದೆ ಇದ್ದಿತೆ? ಮಗನು ಜೊತೆಯಲ್ಲಿ ಕರೆತಂದವನು ಅವಳ ಮಗಳ ಮಗ. ಪಾಟಲಿಪುತ್ರದಲ್ಲಿ ಭಿಕ್ಷುಣಿಯಾಗಿದ್ದ ಮಗಳ ಕುಶಲವನ್ನು ಆ ಮೊಮ್ಮಗನ ಬಾಯಿಂದ ಕೇಳದೆ ಯಾವ ಅಜ್ಜಿ ಇದ್ದಾಳು? ಇದು ಊಹೆಯೆಂಬುದನ್ನು ಒಪ್ಪುತ್ತೇನೆ. ಆದರೆ ಮುಂದಿನದು ಗ್ರಂಥದಲ್ಲಿಯೇ ಇರುವ ಮಾತು. ಮಹೇಂದ್ರನು ತಾಯಿಗೆ ಉಪದೇಶಿಸುತ್ತಿದ್ದಾಗ ಪಕ್ಕದಲ್ಲಿ ಕುಳಿತು ಕೇಳಿದವನು ಭಂಡುಕ. ದೇವಿಯ ಸೋದರಿಯ ಮಗಳ ಮಗ. ಉಪದೇಶವನ್ನು ಕೇಳಿ ಮನಸ್ಸು ತಿರುಗಿದ ಅವನು ಮಹೇಂದ್ರನ ಬಳಿಯಲ್ಲಿಯೇ ಉಳಿದನು. ಜ್ಯೇಷ್ಠ ಮಾಸದ ಉಪೋಸಥದ ದಿನ ಅವನೊಡನೆ ಸಿಂಹಳಕ್ಕೂ ಹೊರಟನು.

ಭಂಡುಕನನ್ನು ಏಕೆ ಕರೆದೊಯ್ದರು ಎಂಬುದಕ್ಕೆ ಮಹಾವಂಸವು ಕೊಡುವ ಕಾರಣ ಮನನೀಯವಾದುದು. ಅವನು ಗೃಹಸ್ಥ. ಹೊಸ ನಾಡಿನ ಜನರು, ಬಂದವರು ಮನುಷ್ಯರೇ ಎಂದು ಅರಿಯಲೆಂದು ಅವನನ್ನು ಕೂಡಿಕೊಂಡರಂತೆ. ಕಾಷಾಯ ಧರಿಸಿದ ಆರು ಮಂದಿ ಮಿಸ್ಸಕ ಪರ್ವತದ ಮೇಲೆ, ಎಂದರೆ ಇಂದಿನ ಮಿಹಿಂತಲೆಯಲ್ಲಿ, ಕಾಣಿಸಿಕೊಂಡಾಗ ಅವರು ನಮ್ಮಂತಹ ಮನುಷ್ಯರೆಂಬುದಕ್ಕೆ ಸಾಕ್ಷಿಯಾಗಿ ನಿಂತವನು ತಾಯಿಯ ಬಳಗದ ಹುಡುಗ. ಕನ್ನಡದ ನಂಟಿನ ಲೆಕ್ಕದಲ್ಲಿ ನೋಡಿದರೆ ತಾಯಿಯ ಸೋದರಿಯ ಮಗಳೂ ಮಹೇಂದ್ರನಿಗೆ ಸೋದರಿಯೇ. ಆದುದರಿಂದ ಸುಮನನೂ ಭಂಡುಕನೂ ಇಬ್ಬರೂ ಅವನ ಸೋದರಳಿಯಂದಿರು. ಲೋಕವಿಖ್ಯಾತವಾದ ಆ ಧರ್ಮಯಾತ್ರೆಯ ಏಳು ಜನರಲ್ಲಿ ಮೂವರು ದೇವಿಯ ಮನೆಯವರು: ಒಬ್ಬ ಮಗ, ಇಬ್ಬರು ಮೊಮ್ಮಕ್ಕಳು. ಮುಂದೆ ಧಾತುಗಳನ್ನು ತರಲು ಪಾಟಲಿಪುತ್ರದ ಅಜ್ಜನ ಬಳಿಗೆ ಹೋದವನೂ ಸುಮನನೇ. ಬೋಧಿವೃಕ್ಷದ ಶಾಖೆಯೊಡನೆ ಬಂದವಳು ಸಂಘಮಿತ್ರೆ.

ಇದೆಲ್ಲ ನಿಜವೆ? ವಿಚಾರಶೀಲ ಓದುಗರು ಕೇಳಬೇಕಾದ ಪ್ರಶ್ನೆಯಿದು. ಮಹಾವಂಸ ರಚಿತವಾದುದು ಘಟನೆಯಿಂದ ಸುಮಾರು ಏಳು ಶತಮಾನಗಳ ಅನಂತರ. ಯಾತ್ರಿಕರು ಆಕಾಶಮಾರ್ಗವಾಗಿ ಹೋದರೆಂದು ಅದು ಹೇಳುತ್ತದೆ. ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ಮಹೇಂದ್ರನನ್ನು ಅಶೋಕನ ತಮ್ಮನೆಂದು ಕರೆದಿದ್ದಾನೆ. ಅಶೋಕನ ಶಾಸನಗಳಲ್ಲಿ ಹೆಸರಿಸಿರುವ ರಾಣಿ ಕಾರುವಾಕಿ, ಮಗ ತೀವರ. ದೇವಿಯೂ ಇಲ್ಲ, ಮಹೇಂದ್ರನೂ ಇಲ್ಲ. ಆದರೂ ಸಿಂಹಳದ ವೃತ್ತಾಂತಗಳನ್ನು ಕಟ್ಟುಕತೆಯೆಂದು ತಳ್ಳಿಬಿಡುವಂತಿಲ್ಲ. ವಿದಿಶೆಯಿಂದ ಸುಮಾರು ೧೦ ಕಿಲೋಮೀಟರ್ ದೂರದ ಸಾಂಚಿಯ ಎರಡನೆಯ ಸ್ತೂಪವನ್ನು ೧೮೫೧ರಲ್ಲಿ ಕನ್ನಿಂಗ್‌ಹ್ಯಾಮ್ ಮತ್ತು ಮೈಸಿ ಅವರು ತೆರೆದಾಗ ದೊರೆತ ಧಾತುಕರಂಡಗಳ ಮೇಲೆ ಕಾಸಪಗೋತ, ಮಝಿಮ ಎಂಬ ಹೆಸರುಗಳಿದ್ದವು. ಹಿಮವಂತ ಪ್ರದೇಶಕ್ಕೆ ಹೋದ ಧರ್ಮದೂತರೆಂದು ಸಿಂಹಳದ ವೃತ್ತಾಂತಗಳು ಹೇಳುವ ಹೆಸರುಗಳೂ ಇವೇ. ವೇದಿಸಗಿರಿಯ ವಿಹಾರವು ಸಾಂಚಿಯಲ್ಲಿಯೇ ಇದ್ದಿತೆಂದು ಅನೇಕ ವಿದ್ವಾಂಸರ ಮತ. ಆ ಬೆಟ್ಟದ ದಾನಶಾಸನಗಳಲ್ಲಿ ತಮ್ಮನ್ನು ಇಂಥವನ ತಾಯಿಯೆಂದು ಹೇಳಿಕೊಂಡ ಸ್ತ್ರೀಯರೂ ಇದ್ದಾರೆ.

ನಮ್ಮ ನಾಡಿಗೂ ಈ ಕಥೆಗೂ ನಂಟುಂಟು. ಮಹೇಂದ್ರನನ್ನು ಸಿಂಹಳಕ್ಕೆ ಕಳುಹಿಸಿದ ಸಂಘವೇ ರಕ್ಷಿತನನ್ನು ವನವಾಸಕ್ಕೆ, ಎಂದರೆ ಬನವಾಸಿಗೆ, ಕಳುಹಿಸಿತೆಂದು ಅದೇ ಮಹಾವಂಸವು ಹೇಳುತ್ತದೆ. ಕೊಪ್ಪಳದ ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನವನ್ನು ನಮ್ಮ ಓದುಗರಲ್ಲಿ ಹಲವರು ಕಂಡಿರಬಹುದು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಶೋಧಿಸಿದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನದಲ್ಲಿ ತಾಯಿತಂದೆಗಳ ಮಾತನ್ನು ನಡೆಸಬೇಕು, ಬಂಧುಗಳೊಡನೆ ಯೋಗ್ಯ ರೀತಿಯಲ್ಲಿ ನಡೆದುಕೊಳ್ಳಬೇಕು ಎಂಬ ವಿಧಿಯಿದೆ. ಇದು ಪುರಾತನವಾದ ಪದ್ಧತಿಯೆಂದೂ ಅಲ್ಲಿ ಹೇಳಿದೆ. ಪಟ್ಟಾಭಿಷಿಕ್ತನಾದ ತಂದೆ ಬಂಡೆಯ ಮೇಲೆ ಬರೆಸಿದುದನ್ನು ಸನ್ಯಾಸಿಯಾದ ಮಗನು ಆಚರಿಸಿ ತೋರಿಸಿದನು.

ಮನೆಯನ್ನು ಬಿಟ್ಟವನು ಮನೆಯ ಸುದ್ದಿಯನ್ನು ಕೇಳಬಾರದೆಂಬ ಕಠೋರ ಭಾವನೆ ನಮ್ಮಲ್ಲಿ ಹಲವರಿಗಿದೆ. ಮಹೇಂದ್ರನ ನಡೆ ಬೇರೆ ಬಗೆಯದು. ಅವನು ಮನೆಗೆ ಮರಳಲಿಲ್ಲ, ನಿಜ. ತಾಯಿಯ ಊರಿಗೆ ಬಂದರೂ ತಂಗಿದ್ದು ವಿಹಾರದಲ್ಲಿ. ಆದರೆ ತಾಯಿಯನ್ನು ಕಾಣದೆ, ಅವಳ ಕೈಯ ಊಟ ಮಾಡದೆ, ಅವಳ ಬಳಗದವರೊಡನೆ ಕುಳಿತು ಮಾತಾಡದೆ ಅವನು ಕಡಲು ದಾಟಲಿಲ್ಲ. ಅವನು ಸಿಂಹಳದಲ್ಲಿಯೇ ಬಾಳಿ ಅಲ್ಲಿಯೇ ದೇಹವಿಟ್ಟನು. ತಾಯಿಮಗ ಮತ್ತೊಮ್ಮೆ ಕಂಡ ಪ್ರಸಂಗ ಮಹಾವಂಸದಲ್ಲಿಲ್ಲ. ಶ್ರೀಲಂಕೆಯಲ್ಲಿ ಜ್ಯೇಷ್ಠದ ಹುಣ್ಣಿಮೆಯ ದಿನ ಇಂದಿಗೂ ಮಹೇಂದ್ರನ ಆಗಮನದ ಉತ್ಸವ ನಡೆಯುತ್ತದೆ. ಅದರ ಹಿಂದಿನ ಒಂದು ತಿಂಗಳನ್ನೂ, ವಿದಿಶೆಯಲ್ಲಿ ಉಳಿದ ಆ ತಾಯಿಯನ್ನೂ ಅಶೋಕನ ಪಾಠ ಹೇಳುವ ಉಪಾಧ್ಯಾಯರು ಮಕ್ಕಳಿಗೆ ತಿಳಿಸಬೇಕೆಂಬುದು ನನ್ನ ಬಿನ್ನಹ. ನಾನು ತಿಳಿಸದೆ ಬಿಟ್ಟೆನು.