ವ್ಯಾಯಾಮ ಮತ್ತು ಲ್ಯಾಕ್ಟಿಕ್ ಆಮ್ಲ: ನೋವಿನ ಅಪವಾದ ಹೊತ್ತ ಇಂಧನ

ಬೆಂಗಳೂರಿನ ಪೂರ್ವ ಅಂಚಿನಲ್ಲಿರುವ ಪಟ್ಟಂದೂರು ಅಗ್ರಹಾರ ಇಂದು ಹೆಸರಿನಲ್ಲಿ ಮಾತ್ರ ಅಗ್ರಹಾರ. 1990ರ ದಶಕದಲ್ಲಿ ಭಾರತ ಮತ್ತು ಸಿಂಗಪುರದ ಸಹಯೋಗದಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಇಲ್ಲಿ ತಲೆಯೆತ್ತಿದ ಮೇಲೆ ಹಳ್ಳಿಯ ಚಹರೆಯೇ ಬದಲಾಯಿತು. 2023ರ ಮಾರ್ಚ್ 25ರಂದು ಕೃಷ್ಣರಾಜಪುರ ಮತ್ತು ವೈಟ್‌ಫೀಲ್ಡ್ ನಡುವಿನ ನೇರಳೆ ಮಾರ್ಗ ಉದ್ಘಾಟನೆಯಾದಾಗ ಊರಿನ ಹೆಸರಿನಲ್ಲೇ ಒಂದು ಮೆಟ್ರೊ ನಿಲ್ದಾಣವೂ ಬಂತು. ದಿನವಿಡೀ ಕುರ್ಚಿಯಲ್ಲಿ ಕುಳಿತು, ಕಂಪ್ಯೂಟರ್ ಪರದೆ ನೋಡುತ್ತ ದುಡಿಯುವವರೇ ಹೆಚ್ಚಾಗಿರುವ ಇಂತಹ ಪ್ರದೇಶದಲ್ಲಿ ಬೆಳಗಿನ ಓಟಕ್ಕೂ ಸಂಜೆಯ ಜಿಮ್‌ಗೂ ಮೊರೆ ಹೋಗುವುದು ಸಹಜ.

ಹಲವು ತಿಂಗಳ ಬಿಡುವಿನ ನಂತರ ಒಮ್ಮೆಲೇ ಭಾರ ಎತ್ತಿದವರು ಮರುದಿನ ಗೋಡೆ ಹಿಡಿದು ನಡೆಯಬೇಕಾಗುತ್ತದೆ. ಆಗ ಅವರಿಗೆ ಸಿಗುವ ಸಮಾಧಾನ ಬಹುಮಟ್ಟಿಗೆ ಒಂದೇ: 'ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ, ಎರಡು ದಿನದಲ್ಲಿ ಸರಿಹೋಗುತ್ತದೆ.' ಅದರ ಬೆನ್ನಿಗೇ ಇನ್ನೊಂದು ಉಪದೇಶ: 'ಉರಿದಷ್ಟೂ ಸ್ನಾಯು ಬೆಳೆಯುತ್ತದೆ.' ಇವುಗಳಲ್ಲಿ ಮೊದಲನೆಯದು ತಪ್ಪು. ಎರಡನೆಯದಕ್ಕೆ ಮಾನವರಲ್ಲಿ ಖಚಿತ ಆಧಾರ ಸಿಕ್ಕಿಲ್ಲ. ಈ ತಪ್ಪು ತಿಳಿವಳಿಕೆ ಕೇವಲ ಪಾಠದ ವಿಷಯವಲ್ಲ. ಕೆಲವೊಮ್ಮೆ ಆಸ್ಪತ್ರೆಗೆ ಹೋಗಲೇಬೇಕಾದವರನ್ನು ಅದು ಮನೆಯಲ್ಲೇ ಉಳಿಸಿಬಿಡುತ್ತದೆ.

ಮೊಸರಿನಿಂದ ಸ್ನಾಯುವಿಗೆ

ಲ್ಯಾಕ್ಟಿಕ್ ಆಮ್ಲ ಕನ್ನಡಿಗರ ಅಡುಗೆಮನೆಗೆ ಹೊಸದೇನಲ್ಲ. ಹಾಲಿಗೆ ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಈ ಆಮ್ಲವಾಗಿ ಪರಿವರ್ತಿಸುತ್ತವೆ. ಮೊಸರಿನ ಹುಳಿಗೆ ಇದೇ ಕಾರಣ; ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಾಗುವಷ್ಟರಲ್ಲಿ ಹುಳಿ ಬರುವುದರಲ್ಲಿಯೂ ಇದರ ಪಾತ್ರವಿದೆ. ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ವಿಲ್‌ಹೆಲ್ಮ್ ಶೀಲೆ 1780ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಹುಳಿ ಹಾಲಿನಿಂದಲೇ. ಹಾಲಿಗಿರುವ ಲ್ಯಾಟಿನ್ ಪದದಿಂದ ಆಮ್ಲಕ್ಕೆ ಈ ಹೆಸರು ಬಂತು. 19ನೆಯ ಶತಮಾನದ ಆರಂಭದಲ್ಲಿ ಅದೇ ದೇಶದ ಬರ್ಜೀಲಿಯಸ್ ಪ್ರಾಣಿಗಳ ಸ್ನಾಯುವಿನಲ್ಲಿಯೂ ಇದನ್ನು ಗುರುತಿಸಿದ.

ಆದರೆ ಮೊಸರು, ಮಜ್ಜಿಗೆ ಸೇವಿಸಿದರೆ ಮೈ ಕೈ ನೋವು ಬರುತ್ತದೆ ಎಂಬುದಕ್ಕೂ ಸ್ನಾಯುವಿನ ಲ್ಯಾಕ್ಟಿಕ್ ಆಮ್ಲಕ್ಕೂ ಸಂಬಂಧವಿಲ್ಲ. ಸ್ನಾಯು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ದೇಹದೊಳಗಿನ ರಸಾಯನಿಕ ಪರಿಸರದಲ್ಲಿ ಅದು ಆಮ್ಲದ ರೂಪದಲ್ಲಿ ಉಳಿಯುವುದಿಲ್ಲ. ಬಹುತೇಕ ಎಲ್ಲವೂ 'ಲ್ಯಾಕ್ಟೇಟ್' ಎಂಬ ಅಯಾನಿನ ರೂಪದಲ್ಲಿರುತ್ತದೆ. ರಕ್ತ ಪರೀಕ್ಷೆಯ ವರದಿಯಲ್ಲಿ ಕಾಣುವ ಹೆಸರೂ ಅದೇ.

ಅಪವಾದ ಬಂದದ್ದು ಹೇಗೆ?

1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್‌ಕಿನ್ಸ್ ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿದರು. ಬೇರ್ಪಡಿಸಿದ ಸ್ನಾಯು ದಣಿದಂತೆಲ್ಲ ಲ್ಯಾಕ್ಟಿಕ್ ಆಮ್ಲ ಹೆಚ್ಚುವುದನ್ನೂ, ಆಮ್ಲಜನಕ ಸಿಕ್ಕಾಗ ಅದು ಕಡಿಮೆಯಾಗುವುದನ್ನೂ ಅವರು ತೋರಿಸಿದರು. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಕುರಿತ ಸಂಶೋಧನೆಗಾಗಿ ಬ್ರಿಟನ್ನಿನ ಎ.ವಿ. ಹಿಲ್ ಮತ್ತು ಜರ್ಮನಿಯ ಆಟೊ ಮೇಯರ್‌ಹಾಫ್ ಅವರಿಗೆ 1922ರ ಸಾಲಿನ ನೊಬೆಲ್ ಪ್ರಶಸ್ತಿ ದೊರೆಯಿತು. ದಣಿವು ಮತ್ತು ಆಮ್ಲ ಎರಡೂ ಒಟ್ಟಿಗೆ ಕಾಣಿಸಿಕೊಂಡಿದ್ದರಿಂದ ಒಂದು ಇನ್ನೊಂದಕ್ಕೆ ಕಾರಣವೆಂಬ ತೀರ್ಮಾನ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು.

1930ರಲ್ಲೇ ಈ ನಂಬಿಕೆಗೆ ಮೊದಲ ಪೆಟ್ಟು ಬಿತ್ತು. ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗಾರ್ಡ್ ಒಂದು ರಾಸಾಯನಿಕದಿಂದ ಲ್ಯಾಕ್ಟಿಕ್ ಆಮ್ಲದ ತಯಾರಿಕೆಯನ್ನೇ ತಡೆದರೂ ಸ್ನಾಯು ಕೆಲಕಾಲ ಸಂಕುಚಿಸುತ್ತದೆ, ನಂತರ ದಣಿಯುತ್ತದೆ ಎಂಬುದನ್ನು ಸಾಬೀತುಪಡಿಸಿದರು. ಆಮ್ಲವಿಲ್ಲದೆಯೂ ದಣಿವು ಬಂದಿತ್ತು. ಆದರೂ ಹಳೆಯ ಮಾತು ಜಿಮ್‌ಗಳಿಂದ ಇನ್ನೂ ಹೊರಟಿಲ್ಲ.

ಸ್ನಾಯುವಿನೊಳಗೆ ನಡೆಯುವುದೇನು?

ಸ್ನಾಯುವಿನ ಪ್ರತಿಯೊಂದು ಚಲನೆಗೂ ಎಟಿಪಿ ಎಂಬ ಅಣು ಬೇಕು. ಸ್ನಾಯುವಿನಲ್ಲಿ ಸಂಗ್ರಹವಾಗಿರುವ ಎಟಿಪಿ ಕೆಲವೇ ಸೆಕೆಂಡುಗಳಿಗೆ ಸಾಕಾಗುತ್ತದೆ. ಫಾಸ್ಫೊಕ್ರಿಯಾಟಿನ್ ಎಂಬ ಇನ್ನೊಂದು ಸಂಗ್ರಹ ಸುಮಾರು ಹತ್ತು ಸೆಕೆಂಡುಗಳ ಪೂರ್ಣ ಶಕ್ತಿಯ ಕೆಲಸಕ್ಕೆ ನೆರವಾಗುತ್ತದೆ. ಅದರ ನಂತರವೂ ಅದೇ ವೇಗದಲ್ಲಿ ಮುಂದುವರಿಯಬೇಕಾದರೆ ಸ್ನಾಯು ತನ್ನಲ್ಲಿರುವ ಗ್ಲೈಕೊಜೆನ್ ಅನ್ನು ಒಡೆಯಬೇಕು.

ಈ ವಿಭಜನೆಯ ಕೊನೆಯಲ್ಲಿ ಪೈರುವೇಟ್ ಎಂಬ ವಸ್ತು ಸಿಗುತ್ತದೆ. ಕೆಲಸ ನಿಧಾನವಾಗಿದ್ದರೆ ಪೈರುವೇಟ್ ಜೀವಕೋಶದ ಮೈಟೊಕಾಂಡ್ರಿಯಾ ಸೇರಿ ಆಮ್ಲಜನಕದ ನೆರವಿನಿಂದ ಪೂರ್ತಿಯಾಗಿ ಉರಿಯುತ್ತದೆ. ಕೆಲಸದ ವೇಗ ಮೈಟೊಕಾಂಡ್ರಿಯಾದ ಸಾಮರ್ಥ್ಯವನ್ನು ಮೀರಿದಾಗ ಹೆಚ್ಚುವರಿ ಪೈರುವೇಟ್ ಲ್ಯಾಕ್ಟೇಟ್ ಆಗಿ ಮಾರ್ಪಡುತ್ತದೆ. ಇದು ದೇಹದ ಎಡವಟ್ಟಲ್ಲ. ಗ್ಲೈಕೊಜೆನ್ ಒಡೆಯುವ ಕ್ರಿಯೆಗೆ ಎನ್‌ಎಡಿ ಎಂಬ ಸಹಾಯಕ ಅಣು ಬೇಕು. ಪೈರುವೇಟ್ ಲ್ಯಾಕ್ಟೇಟ್ ಆಗುವಾಗ ಆ ಅಣು ಮತ್ತೆ ಬಿಡುಗಡೆಯಾಗುತ್ತದೆ. ಲ್ಯಾಕ್ಟೇಟ್ ತಯಾರಾಗದಿದ್ದರೆ ವೇಗದ ಶಕ್ತಿ ಪೂರೈಕೆಯೇ ನಿಂತುಹೋಗುತ್ತದೆ.

ಇದರ ನೇರ ಉದಾಹರಣೆ 400 ಮೀಟರ್ ಓಟ. ಕೊಡಗಿನ ಅಶ್ವಿನಿ ನಾಚಪ್ಪ ಮತ್ತು 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದ ವಂದನಾ ರಾವ್ ಅವರಂತಹ ಓಟಗಾರ್ತಿಯರು ಹೆಸರು ಮಾಡಿದ ಈ ಸ್ಪರ್ಧೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಕೊನೆಯ ನೂರು ಮೀಟರಿನಲ್ಲಿ ಕಾಲು ಕಲ್ಲಿನಂತಾಗುವುದು ಪ್ರತಿ ಓಟಗಾರರ ಅನುಭವ. ಆ ಹೊತ್ತಿಗೆ ಸ್ನಾಯುವಿನಲ್ಲಿ ಆಮ್ಲೀಯತೆ ಹೆಚ್ಚಿರುವುದು ನಿಜ. ಆದರೆ ಎಟಿಪಿ ಖರ್ಚಾದಾಗ ಹೊರಬೀಳುವ ಜಲಜನಕದ ಅಯಾನುಗಳು ಮತ್ತು ಫಾಸ್ಫೇಟ್ ಕೂಡ ಸಂಕೋಚನ ಶಕ್ತಿಯನ್ನು ಕುಂದಿಸುತ್ತವೆ. ಪೈರುವೇಟ್ ಲ್ಯಾಕ್ಟೇಟ್ ಆಗುವ ಹಂತದಲ್ಲಿ ಜಲಜನಕದ ಅಯಾನು ಬಳಕೆಯಾಗುತ್ತದೆಯೇ ಹೊರತು ಬಿಡುಗಡೆಯಾಗುವುದಿಲ್ಲ ಎಂದು 2004ರಲ್ಲಿ ರಾಬರ್ಗ್ಸ್ ಮತ್ತು ಸಂಗಡಿಗರು ವಾದಿಸಿದರು. ಈ ರಾಸಾಯನಿಕ ಲೆಕ್ಕಾಚಾರದ ಚರ್ಚೆ ತಜ್ಞರ ನಡುವೆ ಮುಂದುವರಿದಿದೆ. ಲ್ಯಾಕ್ಟೇಟ್ ಒಂದೇ ಅಪರಾಧಿ ಎಂಬ ಹಳೆಯ ನಿಲುವನ್ನು ಮಾತ್ರ ಈಗ ಯಾರೂ ಒಪ್ಪುವುದಿಲ್ಲ.

ತ್ಯಾಜ್ಯವಲ್ಲ, ಇಂಧನ

ವಿಶ್ರಾಂತಿಯಲ್ಲಿರುವಾಗಲೂ ರಕ್ತದಲ್ಲಿ ಲೀಟರಿಗೆ ಸುಮಾರು 1 ಮಿಲಿಮೋಲ್ ಲ್ಯಾಕ್ಟೇಟ್ ಇರುತ್ತದೆ. ಮೈಟೊಕಾಂಡ್ರಿಯಾ ಇಲ್ಲದ ಕೆಂಪು ರಕ್ತಕಣಗಳು ಇದನ್ನು ಸದಾ ತಯಾರಿಸುತ್ತಲೇ ಇರುತ್ತವೆ. ತೀವ್ರ ಓಟದ ಬೆನ್ನಿಗೇ ಇದು 15 ಮಿಲಿಮೋಲ್ ದಾಟಬಹುದು. ಆದರೆ ವಿಶ್ರಾಂತಿ ಪಡೆದರೆ ಸುಮಾರು ಒಂದು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ.

ಹಾಗಾದರೆ ಅದು ಹೋಗುವುದೆಲ್ಲಿಗೆ? ಒಂದು ಪಾಲು ಯಕೃತ್ತಿಗೆ ಹೋಗಿ ಮತ್ತೆ ಗ್ಲೂಕೋಸ್ ಆಗುತ್ತದೆ. ಈ ಚಕ್ರವನ್ನು ವಿವರಿಸಿದ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಯ ಹೆಸರೇ ಅದಕ್ಕೆ ಉಳಿದಿದೆ. ಉಳಿದ ಬಹುಪಾಲನ್ನು ಹೃದಯ, ಮಿದುಳು ಮತ್ತು ಇತರ ಸ್ನಾಯುಗಳು ಇಂಧನವಾಗಿ ಉರಿಸುತ್ತವೆ. ಒಂದು ಸ್ನಾಯು ತಯಾರಿಸಿದ್ದನ್ನು ಇನ್ನೊಂದು ಸ್ನಾಯು ಬಳಸಿಕೊಳ್ಳುವ ಈ ವಿನಿಮಯವನ್ನು ಅಮೆರಿಕದ ಜಾರ್ಜ್ ಬ್ರೂಕ್ಸ್ 1980ರ ದಶಕದಿಂದ ಪ್ರತಿಪಾದಿಸುತ್ತ ಬಂದರು. ನಿಯಮಿತ ಅಭ್ಯಾಸದಿಂದ ಮೈಟೊಕಾಂಡ್ರಿಯಾ ಹೆಚ್ಚಿ, ಲ್ಯಾಕ್ಟೇಟ್ ಬಳಸುವ ಶಕ್ತಿಯೂ ಹೆಚ್ಚುತ್ತದೆ. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವರ್ಲ್ಡ್ 10ಕೆ ಓಟಕ್ಕೆ ತಿಂಗಳುಗಟ್ಟಲೆ ತಯಾರಿ ನಡೆಸಿದವರು ಮೊದಲು ಏದುಸಿರು ಬಿಡುತ್ತಿದ್ದ ವೇಗದಲ್ಲೇ ಕ್ರಮೇಣ ಮಾತನಾಡುತ್ತ ಓಡಬಲ್ಲವರಾಗುವುದಕ್ಕೆ ಇದೂ ಒಂದು ಕಾರಣ.

ಮರುದಿನದ ನೋವು ಯಾರದು?

ಒಂದು ಗಂಟೆಯಲ್ಲಿ ಇಳಿದುಹೋಗುವ ಲ್ಯಾಕ್ಟೇಟ್ 24ರಿಂದ 72 ಗಂಟೆಗಳ ನಡುವೆ ತೀವ್ರವಾಗುವ ನೋವಿಗೆ ಕಾರಣವಾಗುವುದು ಸಾಧ್ಯವಿಲ್ಲ. ತಡವಾಗಿ ಬರುವ ಇಂತಹ ನೋವಿಗೆ ಸ್ನಾಯುವಿನೊಳಗಿನ ಬಿರುಕುಗಳು ಕಾರಣವಿರಬಹುದೆಂದು ಥಿಯೋಡೋರ್ ಹಫ್ 1902ರಷ್ಟು ಹಿಂದೆಯೇ ಸೂಚಿಸಿದ್ದರು.

ಇದನ್ನು ತಿಳಿಯಲು ಪ್ರಯೋಗಶಾಲೆಯೇ ಬೇಕಿಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಸಾಕು. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದಲ್ಲಿ, ನಿರ್ಮಾಣವಾದ ಸುಮಾರು ಸಾವಿರ ಮೆಟ್ಟಿಲುಗಳನ್ನು ಹತ್ತುವಾಗ ಉಸಿರು ಕಟ್ಟುತ್ತದೆ, ತೊಡೆ ಉರಿಯುತ್ತದೆ. ಲ್ಯಾಕ್ಟೇಟ್ ಏರುವುದು ಆಗಲೇ. ಇಳಿಯುವಾಗ ಉಸಿರಾಟ ಸಲೀಸು, ಉರಿಯೂ ಇಲ್ಲ. ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಮುಖ್ಯವಾಗಿ ಈ ಇಳಿತದಿಂದಲೇ. ಇಳಿಯುವಾಗ ದೇಹದ ಭಾರ ತಡೆಯುತ್ತ ತೊಡೆಯ ಸ್ನಾಯು ಉದ್ದವಾಗುತ್ತ ಹೋಗುತ್ತದೆ. ಆ ಎಳೆತದಲ್ಲಿ ಅತಿಸೂಕ್ಷ್ಮ ಎಳೆಗಳಿಗೆ ಪೆಟ್ಟಾಗಿ, ನಂತರ ಉರಿಯೂತ ಮತ್ತು ದುರಸ್ತಿ ನಡೆಯುತ್ತವೆ. ಡಂಬೆಲ್ ಅನ್ನು ನಿಧಾನವಾಗಿ ಕೆಳಗಿಳಿಸುವಾಗಲೂ, ಬಸ್ಕಿ ಹೊಡೆಯುವಾಗ ಕೆಳಗೆ ಕೂರುವಾಗಲೂ ಆಗುವುದು ಇದೇ. 1983ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಳಿಜಾರಿನಲ್ಲಿ ಓಡಿದವರ ಲ್ಯಾಕ್ಟೇಟ್ ಅಷ್ಟಾಗಿ ಏರಲಿಲ್ಲ, ಆದರೆ ನೋವು ಬಂದದ್ದು ಅವರಿಗೇ. ಸಮತಟ್ಟಿನಲ್ಲಿ ಓಡಿ ಲ್ಯಾಕ್ಟೇಟ್ ಏರಿಸಿಕೊಂಡವರಿಗೆ ಗಮನಾರ್ಹ ನೋವು ಬರಲಿಲ್ಲ.

ವ್ಯಾಯಾಮದ ಬಳಿಕ ಸ್ವಲ್ಪ ಹೊತ್ತು ನಿಧಾನವಾಗಿ ನಡೆದರೆ ಲ್ಯಾಕ್ಟೇಟ್ ಬೇಗ ಇಳಿಯುತ್ತದೆ ಎಂಬುದು ನಿಜ. ಅದರಿಂದ ಮರುದಿನದ ನೋವು ತಪ್ಪುವುದಿಲ್ಲ. 'ಲ್ಯಾಕ್ಟಿಕ್ ಆಸಿಡ್ ಹೊರಹಾಕುವ' ಮಸಾಜ್ ಎಂದು ಹಣ ತೆರುವವರು ಖರೀದಿಸುವುದು ಹಿತವನ್ನು ಮಾತ್ರ; ಹೊರಹಾಕಲು ಅಲ್ಲಿ ಏನೂ ಉಳಿದಿರುವುದಿಲ್ಲ. ಅದೇ ವ್ಯಾಯಾಮವನ್ನು ಎರಡನೆಯ ಬಾರಿ ಮಾಡಿದಾಗ ನೋವು ಬಹಳಷ್ಟು ಕಡಿಮೆಯಾಗುತ್ತದೆ. ಗರಡಿ ಮನೆಗಳಲ್ಲಿ ಹೊಸಬರಿಗೆ ಸಾಮು ಹಂತಹಂತವಾಗಿ ಕಲಿಸುವ ಕ್ರಮಕ್ಕೆ ಇದರಲ್ಲಿ ಅರ್ಥವಿದೆ.

ಸ್ನಾಯು ಬೆಳೆಯುವುದು ಯಾವುದರಿಂದ?

ಸ್ನಾಯು ಹುರಿಗಟ್ಟಲು ಮುಖ್ಯ ಕಾರಣ ಅದರ ಮೇಲೆ ಬೀಳುವ ಭಾರದ ಎಳೆತ. ಆ ಎಳೆತವನ್ನು ಜೀವಕೋಶ ಗ್ರಹಿಸಿ ಹೊಸ ಪ್ರೋಟೀನ್ ಕಟ್ಟಲು ಆರಂಭಿಸುತ್ತದೆ. ಹಗುರ ಭಾರವನ್ನು ಇನ್ನು ಎತ್ತಲಾಗದು ಎನ್ನುವವರೆಗೆ ಹಲವು ಬಾರಿ ಎತ್ತಿದರೂ, ಹೆಚ್ಚು ಭಾರವನ್ನು ಕೆಲವೇ ಬಾರಿ ಎತ್ತಿದರೂ ಸ್ನಾಯುವಿನ ಗಾತ್ರ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆಳೆಯುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಮೊದಲನೆಯ ವಿಧಾನದಲ್ಲಿ ಉರಿ ಹೆಚ್ಚು. ಉರಿಯೇ ಬೆಳವಣಿಗೆಗೆ ಕಾರಣವಾಗಿದ್ದರೆ ಫಲಿತಾಂಶವೂ ಅದಕ್ಕೆ ತಕ್ಕಂತೆ ಬೇರೆಯಾಗಬೇಕಿತ್ತು.

ಹಾಗೆಂದು ಲ್ಯಾಕ್ಟೇಟಿಗೆ ಯಾವ ಪಾತ್ರವೂ ಇಲ್ಲವೆನ್ನಲಾಗದು. ಅದು ಜೀವಕೋಶಗಳ ನಡುವೆ ಸಂದೇಶವಾಹಕವಾಗಿಯೂ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ ಈಚೆಗೆ ಬೆಳೆದಿದೆ. ವಂಶವಾಹಿಗಳನ್ನು ಸುತ್ತಿಟ್ಟಿರುವ ಪ್ರೋಟೀನುಗಳಿಗೆ ಲ್ಯಾಕ್ಟೇಟ್‌ನಿಂದ ಬಂದ ಗುಂಪು ಅಂಟಿಕೊಂಡು ಅವುಗಳ ಕೆಲಸವನ್ನು ಬದಲಿಸಬಲ್ಲುದೆಂದು 2019ರಲ್ಲಿ ವರದಿಯಾಯಿತು. ಲ್ಯಾಕ್ಟೇಟ್ ಮತ್ತು ಫಿನೈಲ್‌ಅಲನೈನ್ ಸೇರಿ ಉಂಟಾಗುವ ವಸ್ತುವೊಂದು ಇಲಿಗಳಲ್ಲಿ ಹಸಿವನ್ನು ತಗ್ಗಿಸುತ್ತದೆ ಎಂಬುದು 2022ರ ಸಂಶೋಧನೆ. ಸ್ನಾಯು ಬೆಳವಣಿಗೆಗೆ ಲ್ಯಾಕ್ಟೇಟ್ ನೆರವಾಗಬಹುದೆಂಬ ಸುಳಿವುಗಳು ಪ್ರಯೋಗಶಾಲೆಯ ಜೀವಕೋಶ ಮತ್ತು ಇಲಿಗಳಲ್ಲಿ ಸಿಕ್ಕಿವೆ. ಮಾನವರ ವ್ಯಾಯಾಮಕ್ಕೆ ಅದನ್ನು ಸೂತ್ರವಾಗಿ ಅನ್ವಯಿಸುವ ಕಾಲ ಬಂದಿಲ್ಲ.

ಬೆಳವಣಿಗೆಗೆ ಬೇಕಾದ ಉಳಿದ ಸಾಮಗ್ರಿ ಆಹಾರ ಮತ್ತು ನಿದ್ರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಭಾರ ಎತ್ತುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಕಾಳಿನ ಸಾರು, ಮೊಳಕೆ ಕಾಳು, ಮೊಸರು, ಮೊಟ್ಟೆ, ಮೀನುಗಳು ಇದನ್ನು ಪೂರೈಸಬಲ್ಲವು.

ಯಾವ ನೋವು ಅಪಾಯದ್ದು?

ಎಲ್ಲ ನೋವನ್ನೂ ಲ್ಯಾಕ್ಟಿಕ್ ಆಮ್ಲದ ಲೆಕ್ಕಕ್ಕೆ ಬರೆಯುವುದರಿಂದ ಆಗುವ ನಿಜವಾದ ಹಾನಿ ಇಲ್ಲಿದೆ. ಅಭ್ಯಾಸವಿಲ್ಲದ ದೇಹವನ್ನು ಮೊದಲ ದಿನವೇ ವಿಪರೀತವಾಗಿ ದುಡಿಸಿದರೆ, ಅದರಲ್ಲೂ ಸೆಕೆ ಮತ್ತು ನೀರಿನ ಕೊರತೆ ಜೊತೆಗೂಡಿದರೆ, ಸ್ನಾಯುವಿನ ಜೀವಕೋಶಗಳು ದೊಡ್ಡ ಪ್ರಮಾಣದಲ್ಲಿ ಒಡೆಯಬಹುದು. ವೈದ್ಯರು ಇದನ್ನು ರ‍್ಯಾಬ್ಡೊಮಯೋಲಿಸಿಸ್ ಎನ್ನುತ್ತಾರೆ. ಆಗ ರಕ್ತ ಸೇರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲುದು.

ಇದರ ಲಕ್ಷಣಗಳು ಹೀಗಿವೆ: ಮೂತ್ರ ಕಪ್ಪು ಚಹಾ ಅಥವಾ ಕೋಲಾದ ಬಣ್ಣಕ್ಕೆ ತಿರುಗುವುದು, ಕೈಕಾಲುಗಳಲ್ಲಿ ಬಿಗಿಯಾದ ಊತ, ಸಹಿಸಲಾಗದ ನೋವು, ಕೈ ಮೇಲೆತ್ತಲಾಗದಷ್ಟು ದುರ್ಬಲತೆ. ಇವುಗಳಲ್ಲಿ ಯಾವುದಾದರೂ ಕಂಡುಬಂದರೆ ಎರಡು ದಿನ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕ್ರಿಯಾಟಿನ್ ಕೈನೇಸ್ ಎಂಬ ರಕ್ತ ಪರೀಕ್ಷೆಯಿಂದ ಇದು ಪತ್ತೆಯಾಗುತ್ತದೆ. ಸಕಾಲದಲ್ಲಿ ರಕ್ತನಾಳದ ಮೂಲಕ ದ್ರವ ನೀಡಿದರೆ ಬಹುತೇಕರು ಗುಣಮುಖರಾಗುತ್ತಾರೆ. ನೋವು ನಿವಾರಕ ಮಾತ್ರೆಗಳನ್ನು ತಾವಾಗಿಯೇ ನುಂಗುವುದು ಇಂತಹ ಸ್ಥಿತಿಯಲ್ಲಿ ಮೂತ್ರಪಿಂಡಕ್ಕೆ ಮತ್ತಷ್ಟು ಹೊರೆಯಾಗಬಹುದು.

ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಕೇಳಿಬರುವ 'ಲ್ಯಾಕ್ಟಿಕ್ ಅಸಿಡೋಸಿಸ್' ಇನ್ನೊಂದೇ ವಿಷಯ. ತೀವ್ರ ಸೋಂಕು, ರಕ್ತದೊತ್ತಡ ಕುಸಿತ ಮುಂತಾದ ಸಂದರ್ಭಗಳಲ್ಲಿ ಲ್ಯಾಕ್ಟೇಟ್ ಏರಿಯೇ ಇರುವುದು ಗಂಭೀರ ಕಾಯಿಲೆಯ ಸೂಚನೆ. ಅದಕ್ಕೂ ಓಡಿದ ನಂತರದ ತಾತ್ಕಾಲಿಕ ಏರಿಕೆಗೂ ಹೋಲಿಕೆ ಸಲ್ಲದು.

ಹೊಸದಾಗಿ ವ್ಯಾಯಾಮ ಆರಂಭಿಸುವವರು ಮೊದಲ ಎರಡು ವಾರ ತಮ್ಮಿಂದ ಆಗುವುದಕ್ಕಿಂತ ಕಡಿಮೆ ಭಾರ, ಕಡಿಮೆ ಸುತ್ತುಗಳಿಗೆ ತೃಪ್ತಿಪಡುವುದು ಒಳಿತು. ವ್ಯಾಯಾಮದ ಹೊತ್ತಿನ ಉರಿ ನಿಂತೊಡನೆ ಕಡಿಮೆಯಾದರೆ ಚಿಂತೆಯಿಲ್ಲ. ಮರುದಿನದ ಹಿಡಿತ ಮೂರು ನಾಲ್ಕು ದಿನಗಳಲ್ಲಿ ಇಳಿದರೆ ಅದೂ ಸಹಜ. ದಿನ ಕಳೆದಂತೆ ಹೆಚ್ಚುವ ನೋವಿಗೆ ಮತ್ತು ಬಣ್ಣ ಬದಲಿಸಿದ ಮೂತ್ರಕ್ಕೆ ಮಾತ್ರ ಲ್ಯಾಕ್ಟಿಕ್ ಆಮ್ಲದ ಹೆಸರು ಹೇಳಿ ಸುಮ್ಮನಿರುವಂತಿಲ್ಲ.