ಗ್ರಂಥಾಲಯದ ಕಪಾಟಿನಲ್ಲಿ ಸ್ಪ್ಯಾನಿಷ್: ಅಮೆರಿಕದ ಒಂದು ಭಾಷಾ ವಿವಾದದ ಚರಿತ್ರೆ

ಸಾರ್ವಜನಿಕರ ತೆರಿಗೆಯಿಂದ ನಡೆಯುವ ಗ್ರಂಥಾಲಯವು ಆ ಸಾರ್ವಜನಿಕರು ಆಡುವ ಭಾಷೆಗಳಿಗೆಲ್ಲ ಸ್ಥಾನ ಕೊಡಬೇಕೆ ಅಥವಾ ನಾಡಿನ ಪ್ರಧಾನ ಭಾಷೆಯೊಂದನ್ನೇ ಪೋಷಿಸಬೇಕೆ? ಈ ಪ್ರಶ್ನೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದು ಶತಮಾನದಿಂದ ಬಗೆಹರಿಯದೆ ಉಳಿದಿದೆ. ಸ್ಪ್ಯಾನಿಷ್ ಪುಸ್ತಕಗಳ ಸಂಗ್ರಹ ಮತ್ತು ಸೇವೆಗಳ ಸುತ್ತ ನಡೆದ ವಾದಗಳಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಪ್ರಕಟಗೊಂಡಿದೆ. ಆ ವಾದಗಳ ಹಿಂದಿರುವ ತಾತ್ವಿಕ ನೆಲೆಗಳನ್ನು ಗುರುತಿಸುವುದು ಈ ಪ್ರಬಂಧದ ಉದ್ದೇಶ.

ಸ್ಪ್ಯಾನಿಷ್ ಆ ದೇಶಕ್ಕೆ ಕೇವಲ ವಲಸಿಗರ ಭಾಷೆಯಾಗಿ ಬಂದುದಲ್ಲ ಎಂಬುದನ್ನು ಮೊದಲಿಗೇ ಗಮನಿಸಬೇಕು. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊ ದೇಶದ ವಿಶಾಲ ಭೂಭಾಗ ಅಮೆರಿಕಕ್ಕೆ ಸೇರಿದಾಗ ಅಲ್ಲಿನ ಸ್ಪ್ಯಾನಿಷ್ ಭಾಷಿಕರೂ ಅದರೊಡನೆ ಸೇರಿದರು. 1898ರಲ್ಲಿ ಪೋರ್ಟೊರಿಕೊ ದ್ವೀಪ ಅಮೆರಿಕದ ವಶವಾಯಿತು. 1917ರಲ್ಲಿ ಅಲ್ಲಿನ ಜನರಿಗೆ ಪೌರತ್ವ ದೊರೆಯಿತು. ಹೀಗೆ ಗಡಿಯನ್ನು ದಾಟಿ ಬಂದವರ ಜೊತೆಗೆ, ಗಡಿಯೇ ತಮ್ಮನ್ನು ದಾಟಿ ಹೋದವರ ಭಾಷೆಯೂ ಅದಾಗಿದೆ. ಆದರೆ ಗ್ರಂಥಾಲಯ ಕ್ಷೇತ್ರವು ಬಹುಕಾಲ ಅದನ್ನು ಹೊಸದಾಗಿ ಬಂದವರ ಭಾಷೆಯೆಂದೇ ಪರಿಗಣಿಸಿತು.

1918ರಲ್ಲಿ ಅಮೆರಿಕನ್ ಗ್ರಂಥಾಲಯ ಸಂಘವು ವಿದೇಶಗಳಲ್ಲಿ ಹುಟ್ಟಿದವರಿಗಾಗಿ ಕೆಲಸ ಮಾಡುವ ಸಮಿತಿಯೊಂದನ್ನು ರಚಿಸಿತು. ಅದರ ಮೊದಲ ಅಧ್ಯಕ್ಷ ಜಾನ್ ಫಾಸ್ಟರ್ ಕಾರ್ ಅವರಿಗೆ ಗ್ರಂಥಾಲಯವು ವಲಸಿಗರನ್ನು ಅಮೆರಿಕನ್ನರನ್ನಾಗಿಸುವ ಸಾಧನವಾಗಿತ್ತು. ಈ ದೃಷ್ಟಿಯಲ್ಲಿ ಮಾತೃಭಾಷೆಯ ಪುಸ್ತಕವು ಒಂದು ಸೇತುವೆ. ಓದುಗನು ಇಂಗ್ಲಿಷಿನ ದಡ ಸೇರಿದ ಮೇಲೆ ಅದರ ಅಗತ್ಯವಿರುವುದಿಲ್ಲ. ಉದಾರವೆಂದು ತೋರುವ ಈ ವಾದವು ಮುಂದಿನ ವಿವಾದಗಳ ಬೀಜವನ್ನೂ ಒಳಗೊಂಡಿತ್ತು.

ಇದಕ್ಕಿಂತ ಭಿನ್ನವಾದ ಮಾರ್ಗವೊಂದು ಅದೇ ಕಾಲಕ್ಕೆ ನ್ಯೂಯಾರ್ಕ್ ನಗರದಲ್ಲಿ ರೂಪುಗೊಂಡಿತು. ಪೋರ್ಟೊರಿಕೊದ ಪೂರಾ ಬೆಲ್ಪ್ರೆ 1921ರಲ್ಲಿ ಹಾರ್ಲೆಮಿನ 135ನೇ ಬೀದಿಯ ಶಾಖಾ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ತಾವು ಬಾಲ್ಯದಲ್ಲಿ ಕೇಳಿದ ಕಥೆಗಳು ಅಲ್ಲಿನ ಕಪಾಟುಗಳಲ್ಲಿ ಇಲ್ಲದಿದ್ದುದನ್ನು ಕಂಡು ಅವುಗಳನ್ನು ತಾವೇ ಹೇಳತೊಡಗಿದರು. ಅವುಗಳಲ್ಲೊಂದು 1932ರಲ್ಲಿ ‘ಪೆರೆಸ್ ಅಂಡ್ ಮಾರ್ಟಿನಾ’ ಎಂಬ ಪುಸ್ತಕವಾಗಿ ಪ್ರಕಟವಾಯಿತು. 115ನೇ ಬೀದಿಯ ಶಾಖೆಯಲ್ಲಿ ಅವರು ಎರಡೂ ಭಾಷೆಗಳಲ್ಲಿ ಕಥಾಸಮಯ ನಡೆಸಿದರು, ಮೂವರು ಅರಸರ ಹಬ್ಬವನ್ನು ಆಚರಣೆಗೆ ತಂದರು. ಇಲ್ಲಿ ಸ್ಪ್ಯಾನಿಷ್ ಸೇತುವೆಯಾಗಿರಲಿಲ್ಲ, ಮನೆಯಾಗಿತ್ತು.

1968ರ ದ್ವಿಭಾಷಾ ಶಿಕ್ಷಣ ಕಾಯಿದೆಯ ನಂತರದ ವಾತಾವರಣದಲ್ಲಿ ಈ ಎರಡನೆಯ ಮಾರ್ಗಕ್ಕೆ ಸಾಂಸ್ಥಿಕ ಬಲ ಒದಗಿತು. 1971ರಲ್ಲಿ ಅರ್ನುಲ್ಫೊ ಟ್ರೆಹೊ ಅವರ ನೇತೃತ್ವದಲ್ಲಿ ‘ರೆಫಾರ್ಮಾ’ ಎಂಬ ಗ್ರಂಥಪಾಲಕರ ಸಂಘಟನೆ ಸ್ಥಾಪನೆಯಾಯಿತು. ಸ್ಪ್ಯಾನಿಷ್ ಸಂಗ್ರಹಗಳ ಜೊತೆಗೆ ಆ ಭಾಷೆ ಬಲ್ಲ ಸಿಬ್ಬಂದಿಯೂ ಬೇಕೆಂಬುದು ಅದರ ಬೇಡಿಕೆಯಾಗಿತ್ತು. ಪ್ರತಿಕ್ರಿಯೆಯೂ ತಡವಾಗಲಿಲ್ಲ. 1981ರಲ್ಲಿ ಸೆನೆಟರ್ ಹಯಕಾವಾ ಇಂಗ್ಲಿಷನ್ನು ಅಧಿಕೃತ ಭಾಷೆಯಾಗಿಸುವ ಸಂವಿಧಾನ ತಿದ್ದುಪಡಿಯನ್ನು ಮಂಡಿಸಿದರು. ಅದು ಅಂಗೀಕಾರವಾಗದಿದ್ದರೂ 1986ರಲ್ಲಿ ಕ್ಯಾಲಿಫೋರ್ನಿಯ, 1988ರಲ್ಲಿ ಅರಿಜೋನ, ಕೊಲರಾಡೊ, ಫ್ಲಾರಿಡ ರಾಜ್ಯಗಳ ಮತದಾರರು ಇಂತಹ ಪ್ರಸ್ತಾವಗಳನ್ನು ಒಪ್ಪಿದರು.

ಅದೇ ಕೊಲರಾಡೊದ ಡೆನ್ವರ್ ನಗರದಲ್ಲಿ 2005ರಲ್ಲಿ ವಿವಾದ ತೀವ್ರವಾಯಿತು. ಸ್ಪ್ಯಾನಿಷ್ ಭಾಷಿಕರು ಹೆಚ್ಚಾಗಿರುವ ಬಡಾವಣೆಗಳ ಶಾಖೆಗಳನ್ನು ಅವರ ಅಗತ್ಯಗಳಿಗನುಗುಣವಾಗಿ ರೂಪಿಸುವ ಆಲೋಚನೆಯನ್ನು ಕಾಂಗ್ರೆಸ್ ಸದಸ್ಯ ಟಾಮ್ ಟ್ಯಾಂಕ್ರೆಡೊ ನಗರದ ಮೇಯರ್ ಅವರಿಗೆ ಪತ್ರ ಬರೆದು ಪ್ರಶ್ನಿಸಿದರು. ಜನಪ್ರಿಯ ಸ್ಪ್ಯಾನಿಷ್ ಚಿತ್ರಕಥಾ ಪುಸ್ತಿಕೆಗಳಾದ ಫೋಟೊನವೆಲಾಗಳಲ್ಲಿ ಅಶ್ಲೀಲತೆಯಿದೆ ಎಂಬ ದೂರು ಬಂದಾಗ ಗ್ರಂಥಾಲಯವು ಅವುಗಳ ಕೆಲವು ಮಾಲಿಕೆಗಳನ್ನು ಹಿಂತೆಗೆದುಕೊಂಡಿತು. ಮರುವರ್ಷ ಜಾರ್ಜಿಯ ರಾಜ್ಯದ ಗ್ವಿನೆಟ್ ಕೌಂಟಿಯ ಗ್ರಂಥಾಲಯ ಮಂಡಳಿಯು ವಯಸ್ಕರ ಸ್ಪ್ಯಾನಿಷ್ ಕಥಾಸಾಹಿತ್ಯಕ್ಕೆ ಮೀಸಲಾಗಿದ್ದ 3000 ಡಾಲರುಗಳನ್ನು ತೆಗೆದುಹಾಕಲು ನಿರ್ಧರಿಸಿತು. ಒಂದು ಭಾಷೆಗೆ ಕೊಟ್ಟರೆ ಎಲ್ಲ ಭಾಷೆಗಳಿಗೂ ಕೊಡಬೇಕಾಗುತ್ತದೆ ಎಂಬುದು ಅಲ್ಲಿ ಕೇಳಿಬಂದ ವಾದ.

ಒಂದು ಕೌಂಟಿಯ ಗ್ರಂಥಾಲಯ ವ್ಯವಸ್ಥೆಗೆ 3000 ಡಾಲರು ದೊಡ್ಡ ಹೊರೆಯಲ್ಲ. ಎರಡೂ ಪ್ರಸಂಗಗಳಲ್ಲಿ ಏಟು ಬಿದ್ದುದು ಯಾವುದಕ್ಕೆ ಎಂಬುದು ಹೆಚ್ಚು ಅರ್ಥಪೂರ್ಣವಾದುದು. ಅದು ಪೌರತ್ವ ಪರೀಕ್ಷೆಯ ಕೈಪಿಡಿಗೆ ಬೀಳಲಿಲ್ಲ, ಕಥೆ ಕಾದಂಬರಿಗಳಿಗೆ ಬಿತ್ತು. ಸೇತುವೆಯ ವಾದವು ಉಪಯುಕ್ತ ಪುಸ್ತಕವನ್ನು ಸಮರ್ಥಿಸಬಲ್ಲದು. ಸಂತೋಷಕ್ಕಾಗಿ ಓದುವ ಕಾದಂಬರಿಯನ್ನು ಸಮರ್ಥಿಸಲಾರದು. ಸ್ಪ್ಯಾನಿಷ್ ಸಂಗ್ರಹದ ಹಿತೈಷಿಗಳೇ ಅದನ್ನು ತಾತ್ಕಾಲಿಕ ನೆರವೆಂದು ವರ್ಣಿಸಿದಾಗ, ಅದು ಯಾವಾಗ ಕೊನೆಗೊಳ್ಳುತ್ತದೆ ಎಂದು ಕೇಳುವ ಹಕ್ಕನ್ನು ವಿರೋಧಿಗಳಿಗೆ ತಾವೇ ಒಪ್ಪಿಸಿದಂತಾಯಿತು. ಹಾಗೆಂದು ವಿರೋಧದ ವಾದವನ್ನು ಕೇವಲ ದ್ವೇಷವೆಂದು ತಳ್ಳಿಹಾಕುವುದೂ ಸಾಧುವಲ್ಲ. ಸಾಮಾನ್ಯ ಭಾಷೆಯಿಲ್ಲದೆ ಸಾಮಾನ್ಯ ಸಾರ್ವಜನಿಕ ಜೀವನ ಸಾಧ್ಯವೆ ಎಂಬ ಅದರ ಆತಂಕ ನಿಜವಾದುದೇ. ಆದರೆ ಕಪಾಟಿನಿಂದ ಒಂದು ಭಾಷೆಯನ್ನು ತೆಗೆದ ಮಾತ್ರಕ್ಕೆ ಓದುಗನು ಇನ್ನೊಂದನ್ನು ಕಲಿಯುವುದಿಲ್ಲ. ಗ್ರಂಥಾಲಯಕ್ಕೆ ಬರುವುದನ್ನು ನಿಲ್ಲಿಸುವ ಸಂಭವವೇ ಹೆಚ್ಚು.

2025ರ ಮಾರ್ಚ್ 1ರ ಅಧ್ಯಕ್ಷೀಯ ಆದೇಶವು ಇಂಗ್ಲಿಷನ್ನು ದೇಶದ ಅಧಿಕೃತ ಭಾಷೆಯೆಂದು ಸಾರಿತು. ಇಂಗ್ಲಿಷ್ ಸಾಕಷ್ಟು ಬಾರದವರಿಗೂ ಸೇವೆಗಳು ತಲುಪಬೇಕೆಂದಿದ್ದ 2000ದ ಆದೇಶವನ್ನು ರದ್ದುಗೊಳಿಸಿತು. ಇತರ ಭಾಷೆಗಳ ಸೇವೆಯನ್ನು ನಿಲ್ಲಿಸಬೇಕೆಂದು ಅದು ಕಡ್ಡಾಯಪಡಿಸಿಲ್ಲವಾದರೂ, ಮನೆಯಲ್ಲಿ ಸ್ಪ್ಯಾನಿಷ್ ಆಡುವ ನಾಲ್ಕು ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಹಳೆಯ ಪ್ರಶ್ನೆಯನ್ನು ಅದು ಮತ್ತೆ ಮುನ್ನೆಲೆಗೆ ತಂದಿದೆ.

ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬ ಆಶಯದ್ದು. ಆ ಸೂತ್ರದಲ್ಲಿ ಭಾಷೆಯ ಷರತ್ತಿಲ್ಲ. ಅಮೆರಿಕದ ಈ ಶತಮಾನದ ಚರ್ಚೆಯನ್ನು ಆ ಸೂತ್ರದ ವ್ಯಾಪ್ತಿಯನ್ನು ಕುರಿತ ಚರ್ಚೆಯೆಂದೇ ಓದಬಹುದು. ಹಲವು ಭಾಷೆಗಳು ನೆರೆಹೊರೆಯಾಗಿರುವ ನಮ್ಮ ಗಡಿ ಜಿಲ್ಲೆಗಳ ಗ್ರಂಥಾಲಯಗಳಿಗೂ ಅದು ಪರಕೀಯವಾದ ಪ್ರಶ್ನೆಯಲ್ಲ.