ಥೈರಾಕ್ಸಿನ್: ಅಳತೆಗೆ ಸಿಕ್ಕ ಔಷಧದ ಕಥೆ

ಹೊಳೆಹೊನ್ನೂರಿನ ಮಗ್ಗುಲಲ್ಲಿ ಹರಿಯುವ ಭದ್ರೆ ತುಸು ಮುಂದೆ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಪಶ್ಚಿಮಘಟ್ಟದ ಮಳೆನೀರನ್ನು ಹೊತ್ತು ತರುವ ಈ ನದಿಗಳು ನಮ್ಮ ಗದ್ದೆ ತೋಟಗಳ ಜೀವ. ಆದರೆ ಮಳೆ ಕೊಡುವುದಷ್ಟೇ ಅಲ್ಲ, ಕೊಂಡೊಯ್ಯುವುದೂ ಉಂಟು. ಯುಗಯುಗಗಳಿಂದ ಸುರಿದ ಮಳೆ ಬೆಟ್ಟದ ಮಣ್ಣಿನಲ್ಲಿದ್ದ ಅಯೋಡಿನ್ ಅಂಶವನ್ನು ತೊಳೆದು ಕಡಲಿಗೆ ಸೇರಿಸುತ್ತದೆ. ಹಿಮಾಲಯದ ತಪ್ಪಲು, ಆಲ್ಪ್ಸ್ ಪರ್ವತದ ಕಣಿವೆಗಳು, ನಮ್ಮ ಚಿಕ್ಕಮಗಳೂರು, ಕೊಡಗಿನ ಮಲೆನಾಡು, ಇಂಥ ಸೀಮೆಗಳಲ್ಲಿ ಕೊರಳು ಊದಿದವರು ಕಂಡುಬಂದದ್ದು ಆಕಸ್ಮಿಕವಲ್ಲ. ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಈ ವ್ಯಾಧಿಯನ್ನು ಗಳಗಂಡವೆಂದು ಕರೆದಿವೆ.

ಊದುವುದು ಕೊರಳ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ. ಗುರಾಣಿ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರಾದ್ದರಿಂದ ಕನ್ನಡದಲ್ಲಿ ಇದನ್ನು ಗುರಾಣಿಕ ಗ್ರಂಥಿ ಎಂದವರೂ ಉಂಟು. ಆಹಾರದ ಅಯೋಡಿನ್ನಿನಿಂದ ಇದು ತಯಾರಿಸುವ ಹಾರ್ಮೋನು ರಕ್ತದಲ್ಲಿ ಬೆರೆತು, ದೇಹದ ಕಾವು, ಹೃದಯದ ಬಡಿತ, ಮನಸ್ಸಿನ ಚುರುಕು ಎಲ್ಲವನ್ನೂ ಹದದಲ್ಲಿಡುತ್ತದೆ. ಈ ಹಾರ್ಮೋನು ಔಷಧವಾದ ಚರಿತ್ರೆ, ವಾಸ್ತವವಾಗಿ, ಅಳತೆಯನ್ನು ಹುಡುಕಿದ ಚರಿತ್ರೆ. ಇಂದು ಲಕ್ಷಾಂತರ ಮನೆಗಳಲ್ಲಿ ಬೆಳಗಾಗುತ್ತಲೇ ನುಂಗುವ ಪುಟ್ಟ ಮಾತ್ರೆಯ ಸುರಕ್ಷಿತ ಬಳಕೆಯೂ ಆ ಅಳತೆಯಲ್ಲೇ ಅಡಗಿದೆ.

1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಕಡಲಪಾಚಿಯ ಬೂದಿಯಿಂದ ಅಯೋಡಿನ್ನನ್ನು ಕಂಡುಹಿಡಿದ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಕೊಟ್ಟು ಗುಣ ಕಂಡ. ಆದರೆ ಕೆಲವರು ಸೊರಗಿದರು, ಅವರ ಎದೆ ಡವಗುಟ್ಟಿತು, ಕೈ ನಡುಗಿತು. ಗುಣ ಕೊಟ್ಟ ವಸ್ತುವೇ ಕೇಡನ್ನೂ ತರಬಲ್ಲುದೆಂಬ ಮೊದಲ ಪಾಠ ಅದು.

ಎರಡನೆಯ ಪಾಠ ಶಸ್ತ್ರಚಿಕಿತ್ಸೆಯಿಂದ ಬಂತು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಖರ್ ಊದಿದ ಗ್ರಂಥಿಯನ್ನು ಕೊಯ್ದು ತೆಗೆಯುವುದರಲ್ಲಿ ಅಸಮಾನ ಕುಶಲಿ. ಗ್ರಂಥಿಯನ್ನು ಪೂರ್ತಿಯಾಗಿ ಕಳೆದುಕೊಂಡವರ ಪೈಕಿ ಮರುಪರೀಕ್ಷೆಗೆ ದೊರೆತ 18 ಮಂದಿಯಲ್ಲಿ 16 ಮಂದಿ ಜಡರಾಗಿ, ಮುಖ ಊದಿ, ಬುದ್ಧಿ ಮಂಕಾಗಿ ಬಾಳುತ್ತಿದ್ದುದನ್ನು ಆತ 1883ರಲ್ಲಿ ತಾನೇ ಲೋಕಕ್ಕೆ ತಿಳಿಸಿದ. ಅಲ್ಲಿಂದಾಚೆಗೆ ಗ್ರಂಥಿಯನ್ನು ಪೂರ್ತಿ ತೆಗೆಯುವ ಪದ್ಧತಿಯನ್ನೇ ಬಿಟ್ಟ. 1909ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು.

ಕಳೆದುಹೋದದ್ದನ್ನು ಹೊರಗಿನಿಂದ ತುಂಬಿಕೊಡಬಹುದೆ? ಇಂಗ್ಲೆಂಡಿನ ನ್ಯೂಕ್ಯಾಸಲಿನ ತರುಣ ವೈದ್ಯ ಜಾರ್ಜ್ ಮರ್ರೆ 1891ರಲ್ಲಿ ಕುರಿಯ ಗ್ರಂಥಿಯ ಸಾರವನ್ನು ಗ್ಲಿಸರಿನ್ನಿನಲ್ಲಿ ಇಳಿಸಿ, 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚುಮದ್ದಾಗಿ ಕೊಟ್ಟ. ಮಾತು ತಡವರಿಸುತ್ತಿದ್ದ, ಮೈಯೆಲ್ಲ ತಣ್ಣಗಾಗಿದ್ದ ಆಕೆ ಕೆಲವೇ ತಿಂಗಳಲ್ಲಿ ಮತ್ತೆ ಮನೆಗೆಲಸದಲ್ಲಿ ತೊಡಗುವಂತಾದಳು. ಮರು ವರ್ಷವೇ ಚುಚ್ಚುವ ತೊಂದರೆಯೂ ತಪ್ಪಿತು. ಕುರಿಯ ಗ್ರಂಥಿಯನ್ನು ತುಸು ಹುರಿದು, ಕೊಚ್ಚಿ, ಹಣ್ಣಿನ ಪಾಕದೊಡನೆ ತಿನ್ನಿಸಿದರೂ ಫಲ ಅದೇ ಎಂದು ಇತರ ವೈದ್ಯರು ತೋರಿಸಿದರು. ಮರ್ರೆಯ ರೋಗಿ ಮುಂದೆ 28 ವರ್ಷ ಬದುಕಿ 1919ರಲ್ಲಿ ತೀರಿಕೊಂಡಳು. ಅಷ್ಟು ಕಾಲದಲ್ಲಿ ಆಕೆಗಾಗಿ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ. ಇದು ಒಮ್ಮೆ ಕೊಟ್ಟು ಮುಗಿಸುವ ಮದ್ದಲ್ಲ, ಬದುಕಿರುವವರೆಗೆ ಜೊತೆ ನಡೆಯುವ ಮದ್ದು ಎಂಬುದು ಆಕೆಯ ಬಾಳಿನಿಂದ ಸಿದ್ಧವಾಯಿತು.

ಒಳ್ಳೆಯ ಮದ್ದಿನ ಬೆನ್ನಿಗೇ ದುರ್ಬಳಕೆಯೂ ಬಂತು. ಈ ಸಾರವನ್ನು ಸೇವಿಸಿದವರು ತೂಕ ಕಳೆದುಕೊಳ್ಳುವುದನ್ನು ಕಂಡ ವ್ಯಾಪಾರಿಗಳು ಅದನ್ನು ಬೊಜ್ಜು ಕರಗಿಸುವ ಗುಳಿಗೆಯಾಗಿ ಮಾರತೊಡಗಿದರು. ಅಮೆರಿಕದಲ್ಲಿ ಮಾರ್ಮೋಲಾ ಎಂಬ ಹೆಸರಿನ ಗುಳಿಗೆ ಬಹಳ ಕಾಲ ಬಿಕರಿಯಾಯಿತು. ಅದರ ಜಾಹೀರಾತನ್ನು ತಡೆಯಲು ಸರ್ಕಾರದ ವ್ಯಾಪಾರ ಆಯೋಗ ಹೂಡಿದ ಮೊಕದ್ದಮೆ 1931ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಪ್ರತಿಸ್ಪರ್ಧಿ ವ್ಯಾಪಾರಿಗಳಿಗೆ ಹಾನಿಯಾದದ್ದು ಸಿದ್ಧವಾಗಿಲ್ಲ, ಆದ್ದರಿಂದ ಆಯೋಗಕ್ಕೆ ಅಧಿಕಾರವಿಲ್ಲ ಎಂಬುದು ತೀರ್ಪಿನ ತಿರುಳು. ಕೊಂಡು ನುಂಗಿದವರ ಹಾನಿ ಲೆಕ್ಕಕ್ಕೆ ಬರಲು 1938ರ ಹೊಸ ಕಾಯಿದೆಗಳನ್ನು ಕಾಯಬೇಕಾಯಿತು. ಆದರೂ ತೆಳ್ಳಗಾಗಲು ಈ ಮಾತ್ರೆ ನುಂಗುವ ಆಸೆ ಇನ್ನೂ ಸತ್ತಿಲ್ಲ. ಗ್ರಂಥಿ ಸರಿಯಿದ್ದವರ ತೂಕವನ್ನು ಇಳಿಸಬೇಕಾದರೆ ಅಪಾಯಕಾರಿ ಪ್ರಮಾಣವೇ ಬೇಕು. ಆಗ ಕರಗುವುದು ಬರಿಯ ಬೊಜ್ಜಲ್ಲ. ಮಾಂಸಖಂಡ ಸೊರಗುತ್ತದೆ, ಎಲುಬು ಸವೆಯುತ್ತದೆ, ಹೃದಯದ ತಾಳ ತಪ್ಪುತ್ತದೆ.

ಶುದ್ಧ ವಸ್ತು ದೊರೆಯದೆ ಅಳತೆ ಸಾಧ್ಯವಿರಲಿಲ್ಲ. 1914ರ ಡಿಸೆಂಬರ್ 25ರಂದು ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಾಲ್ ಥೈರಾಕ್ಸಿನ್ನಿನ ಹರಳುಗಳನ್ನು ಬೇರ್ಪಡಿಸಿದ. ಹಂದಿಯ ಗ್ರಂಥಿಗಳನ್ನು ಸುಮಾರು 3 ಟನ್ ಸಂಸ್ಕರಿಸಿದಾಗ ದೊರೆತದ್ದು ಬರೀ 33 ಗ್ರಾಂ. 1927ರಲ್ಲಿ ಬ್ರಿಟನ್ನಿನ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಇದನ್ನು ಪ್ರಯೋಗಶಾಲೆಯಲ್ಲೇ ಕೃತಕವಾಗಿ ತಯಾರಿಸಿದರು. ಮುಂದೆ ಮೈಕ್ರೊಗ್ರಾಂ ಲೆಕ್ಕದ ಮಾತ್ರೆ ಬಂತು. ಒಂದು ಗ್ರಾಂನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೊಗ್ರಾಂ. ಕೈಗೆ ಬರುವ ಮಾತ್ರೆಯಲ್ಲಿ ಔಷಧದ ಅಂಶ 25, 50, 100 ಮೈಕ್ರೊಗ್ರಾಂ ಅಷ್ಟೇ.

ಔಷಧವನ್ನು ತೂಗಲು ಬಂದರೂ ರೋಗಿಯ ಅಗತ್ಯವನ್ನು ತೂಗುವುದು ಬಾಕಿಯಿತ್ತು. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಟಿ.ಎಸ್.ಎಚ್. ಎಂಬ ಹಾರ್ಮೋನಿನ ಮೂಲಕ ಥೈರಾಯ್ಡಿಗೆ ಆಜ್ಞೆ ಕಳಿಸುತ್ತದೆ. ಥೈರಾಯ್ಡ್ ಸೋತರೆ ಆಜ್ಞೆ ಏರುತ್ತದೆ, ಮದ್ದು ಅತಿಯಾದರೆ ಇಳಿಯುತ್ತದೆ. 1965ರ ಸುಮಾರಿಗೆ ಇದನ್ನು ರಕ್ತದಲ್ಲಿ ಅಳೆಯುವ ವಿಧಾನ ದೊರೆತಾಗ ಒಂದು ಸತ್ಯ ಹೊರಬಿತ್ತು. ಅದುವರೆಗೆ 200ರಿಂದ 400 ಮೈಕ್ರೊಗ್ರಾಂವರೆಗೆ ಕೊಡುತ್ತಿದ್ದ ಪ್ರಮಾಣ ಅನೇಕರಿಗೆ ಅತಿಯಾಗಿತ್ತು. 1970ರ ದಶಕದಲ್ಲಿ ಅದು ಹೆಚ್ಚಿನವರಿಗೆ 100ರಿಂದ 150ಕ್ಕೆ ಇಳಿಯಿತು. ವೈದ್ಯರ ಕಣ್ಣಂದಾಜನ್ನು ರಕ್ತದ ಒಂದು ಹನಿ ತಿದ್ದಿತು.

ನಮ್ಮ ದೇಶದ ಅಧ್ಯಾಯ ಉಪ್ಪಿನದು. 1956ರಿಂದ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ, ಗಳಗಂಡ ತಗ್ಗುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರಬಾರದೆಂಬ ನಿಷೇಧ 2000ದಲ್ಲಿ ಸಡಿಲವಾಗಿ 2006ರಲ್ಲಿ ಮರಳಿ ಬಂತು. ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಉಪ್ಪು ಅಯೋಡಿನ್ನಿನ ಕೊರತೆಯನ್ನು ನೀಗುತ್ತದೆ. ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ಗ್ರಂಥಿಯನ್ನು ಹಾಳುಮಾಡುವ ಇನ್ನೊಂದು ಬಗೆ ಉಂಟು. 1912ರಲ್ಲಿ ಜಪಾನಿನ ಹಾಶಿಮೋಟೊ ವರ್ಣಿಸಿದ್ದು ಅದನ್ನು. ಅಂಥವರಿಗೆ ಉಪ್ಪು ಸಾಲದು, ಮಾತ್ರೆಯೇ ಬೇಕು.

ಆ ಮಾತ್ರೆಯ ನಿಯಮಗಳೂ ಅಳತೆಯ ನಿಯಮಗಳೇ. ಬೆಳಗ್ಗೆ ಬರಿಹೊಟ್ಟೆಯಲ್ಲಿ, ನೀರಿನೊಡನೆ, ಕಾಫಿ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಇದನ್ನು ಹೊಟ್ಟೆಯಲ್ಲೇ ಹಿಡಿದುಬಿಡುವುದರಿಂದ ನಡುವೆ ನಾಲ್ಕು ಗಂಟೆ ಅಂತರವಿರಲಿ. ಮಲೆನಾಡಿನ ಮಳೆಗಾಲದ ತೇವ ಮಾತ್ರೆಯ ಸತ್ವವನ್ನು ಕೆಡಿಸಬಹುದು. ಸೀಸೆಯ ಮುಚ್ಚಳ ಭದ್ರವಾಗಿರಲಿ. ಪ್ರಮಾಣ ಬದಲಾದ ಆರೆಂಟು ವಾರಗಳ ಮೇಲೆ ರಕ್ತಪರೀಕ್ಷೆಯಾಗಬೇಕು. ವೃದ್ಧರಿಗೆ, ಹೃದ್ರೋಗಿಗಳಿಗೆ ಅಲ್ಪ ಪ್ರಮಾಣದಿಂದಲೇ ಆರಂಭ. ಗರ್ಭಿಣಿಯರು ಮಾತ್ರೆಯನ್ನು ಬಿಡುವುದಿರಲಿ, ಬಸುರು ತಿಳಿದೊಡನೆ ವೈದ್ಯರನ್ನು ಕಾಣಬೇಕು; ಆಗ ಪ್ರಮಾಣ ಏರಿಸಬೇಕಾಗುವುದೇ ಸಾಮಾನ್ಯ. ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನಿನ ಬಲದಿಂದ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ದೇಹದೊಳಗಿನ ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೀಗಾಗಿ ಒಂದು ದಿನ ಮರೆತವರು ಗಾಬರಿಯಾಗಬೇಕಿಲ್ಲ. ಆದರೆ, ಗುಣವಾಯಿತಲ್ಲ ಎಂದು ಮಾತ್ರೆ ಬಿಟ್ಟವರಿಗೂ ಕೂಡಲೇ ಏನೂ ಆಗುವುದಿಲ್ಲ. ಮೋಸವಿರುವುದು ಇಲ್ಲೇ. ವಾರಗಳು ಕಳೆದಂತೆ ಜಡತೆ, ಮರೆವು, ಚಳಿ ಸದ್ದಿಲ್ಲದೆ ಮರಳುತ್ತವೆ. ವಯಸ್ಸಾಯಿತು, ಮನಸ್ಸು ಸರಿಯಿಲ್ಲ ಎಂದು ಮನೆಯವರು ತಾವೇ ಕಾರಣ ಹೇಳಿಕೊಳ್ಳುತ್ತಾರೆ. ಕೋಖರನ ಆ 16 ಮಂದಿಗೆ ಇಲ್ಲದಿದ್ದ ಮದ್ದು ಇಂದು ಅಲ್ಪ ಬೆಲೆಗೆ ಪೇಟೆಯ ಅಂಗಡಿಯಲ್ಲಿದೆ. ಅದನ್ನು ವೈದ್ಯರು ಹೇಳಿದಷ್ಟು, ಹೇಳಿದಂತೆ, ತಪ್ಪದೆ ತೆಗೆದುಕೊಳ್ಳುವುದಷ್ಟೇ ನಮ್ಮ ಪಾಲಿಗೆ ಉಳಿದಿರುವ ಕೆಲಸ.